ಓದದೆ ಬಿಟ್ಟ ಎರಡು ಸಾಲು

"ಈಗ ಮೂರ್ಛೆ ಬರೋದು ನಿಂತಿದೆಯಾ?" ಎಂದು ಆ ಹೆಂಗಸು ಕೇಳಿದಾಗ ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ.

ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವಳದು. ಏನನ್ನೋ ಅಚ್ಚು ಹಾಕಿಸಲು ಬಂದಿದ್ದ ಆ ಹೆಂಗಸು ಇವಳ ಗುರುತು ಹಿಡಿದಿದ್ದಳು. ಮೂವತ್ತೊಂದು ವರ್ಷಗಳ ಹಿಂದೆ ಮದುವೆಯಾಗುತ್ತೇನೆಂದು ಹೇಳಿ, ಆಮೇಲೆ ಕಾರಣವನ್ನೂ ಹೇಳದೆ ಬರುವುದನ್ನೇ ನಿಲ್ಲಿಸಿದವನ ಸೋದರಿ ಆಕೆ. ಮಾತಾಡುತ್ತಾ ಹೋದಂತೆ ವಿಷಯ ಹೊರಬಿತ್ತು. ಆಗ ಇವಳ ಅಕ್ಕನೇ ಅವರ ಮನೆ ಹುಡುಕಿಕೊಂಡು ಹೋಗಿ, ತಂಗಿಗೆ ಆಗಾಗ ಮೂರ್ಛೆ ಬರುತ್ತದೆಂದೂ, ತಾನು ಹೇಳಿದ್ದು ಯಾರಿಗೂ ತಿಳಿಯಬಾರದೆಂದೂ ಹೇಳಿ ಬಂದಿದ್ದಳಂತೆ.

ಅವಳಿಗೆ ಜನ್ಮದಲ್ಲಿ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಅಕ್ಕನ ಕಣ್ಣು ಮಂಜಾಗತೊಡಗಿದ್ದು ಮಾತ್ರ ಆ ವರ್ಷವೇ. ಪೂರ್ತಿ ಕತ್ತಲಾಗುವ ಮುಂಚೆ, ತನಗೆ ಕಣ್ಣಾಗಿ ಇರಬೇಕಾದವಳನ್ನು ಅಕ್ಕ ಮನೆಯಲ್ಲೇ ಉಳಿಸಿಕೊಂಡಿದ್ದಳು.

ಆ ಸಂಜೆ ಅವಳು ಮನೆಗೆ ಬಂದು ಎಂದಿನಂತೆ ಅಡುಗೆ ಮಾಡಿದಳು, ಬಡಿಸಿದಳು.

ಎರಡು ತಿಂಗಳ ನಂತರ ಅಕ್ಕನ ಎದೆಬಡಿತ ತಾಳ ತಪ್ಪಿತು. ಪಕ್ಕದ ಕೋಣೆಯಲ್ಲಿ ಅಕ್ಕ ಪರೀಕ್ಷೆಗೆ ರಕ್ತ ಕೊಡುತ್ತಿದ್ದಾಗ ಡಾಕ್ಟರು ತಂಗಿಯನ್ನು ಕೂರಿಸಿಕೊಂಡು ವಿವರಿಸಿದರು. ಇದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಹೇಳಿದಷ್ಟೇ, ಹೇಳಿದ ಹೊತ್ತಿಗೇ ತೆಗೆದುಕೊಳ್ಳಬೇಕು. ಮಂಡಿನೋವಿಗೆ ಅಕ್ಕ ದಿನವೂ ನುಂಗುವ ಮಾತ್ರೆಯನ್ನು ಇದರ ಜೊತೆ ತಗೊಳ್ಳಲೇಬಾರದು. ವಸಡಿನಲ್ಲಿ ರಕ್ತ ಬಂದರೆ, ಮೈಮೇಲೆ ಕಾರಣವಿಲ್ಲದೆ ನೇರಳೆ ಕಲೆ ಮೂಡಿದರೆ ತಕ್ಷಣ ಕರೆತರಬೇಕು. "ಚೀಟಿಯಲ್ಲಿ ಎಲ್ಲಾ ಇದೆ. ಪೂರ್ತಿ ಓದಿ ಹೇಳಿ," ಎಂದರು.

"ಓದ್ತೀನಿ ಡಾಕ್ಟ್ರೇ," ಎಂದಳು. ಹಾಗೆಂದ ಗಳಿಗೆಯಲ್ಲೇ ಉಪಾಯ ಹೊಳೆದುಬಿಟ್ಟಿತ್ತು.

ಅದು ಕರಡು ತಿದ್ದುವವಳ ಉಪಾಯ. ತಪ್ಪು ಅಚ್ಚಾದರೆ ಯಾರ ಕಣ್ಣಿಗಾದರೂ ಬೀಳುತ್ತದೆ. ಬಿಟ್ಟುಹೋದ ಸಾಲು ಕಾಗದದ ಮೇಲೆ ಇರುವುದೇ ಇಲ್ಲ. ಇಲ್ಲದ್ದನ್ನು ತೋರಿಸುವುದು ಹೇಗೆ? ಅವಳು ವಿಷ ಬೆರೆಸಬೇಕಿರಲಿಲ್ಲ, ಮಾತ್ರೆ ಬದಲಿಸಬೇಕಿರಲಿಲ್ಲ, ಡಬ್ಬಿಯನ್ನು ಮುಟ್ಟಲೂ ಬೇಕಿರಲಿಲ್ಲ. ನೋವಿನ ಮಾತ್ರೆಯದೊಂದು, ರಕ್ತ ಬಂದರೆ ಎಂಬುದೊಂದು, ಎರಡೇ ಎರಡು ಸಾಲು ಓದದಿದ್ದರೆ ಸಾಕು. ಮುಂದೆ ಯಾರಾದರೂ ಕೇಳಿದರೆ, ಪೂರ್ತಿ ಓದಿದ್ದೆ, ಅಕ್ಕನೇ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದರಾಯಿತು. ಅಕ್ಕನ ಹಟ ಇಡೀ ಬೀದಿಗೇ ಗೊತ್ತು.

ಮರುದಿನ ಮಧ್ಯಾಹ್ನ ಅಕ್ಕ ಎಂದಿನಂತೆ ಮಡಿಲಲ್ಲಿ ಮೊಬೈಲಿಟ್ಟುಕೊಂಡು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಳು. ತಂಗಿ ಅಡುಗೆಮನೆಯಿಂದ ಬಂದು ಚೀಟಿ ಬಿಡಿಸಿ ಓದಿದಳು. ಮಾತ್ರೆಯ ಹೊತ್ತು, ಮರೆತರೆ ಮಾಡಬೇಕಾದ್ದು, ತಲೆಸುತ್ತು, ಹೊಟ್ಟೆ ತೊಳಸು, ಎಲ್ಲವನ್ನೂ ಸ್ಪಷ್ಟವಾಗಿ ಓದಿದಳು. ಎರಡನೇ ಪುಟದಲ್ಲಿ ಎರಡು ಸಾಲು ದಾಟಿದಳು. ದನಿ ಎಲ್ಲೂ ನಡುಗಲಿಲ್ಲ.

"ನೀನಿಲ್ದೆ ಇದ್ದಿದ್ರೆ ನನ್ನ ಗತಿ ಏನಾಗ್ತಿತ್ತೋ ಪುಟ್ಟಿ," ಎಂದಳು ಅಕ್ಕ.

ಮೂರನೇ ವಾರಕ್ಕೆ ಬೆಳಗಿನ ಹೊತ್ತು ಬೇಸಿನ್ನಿನಲ್ಲಿ ಕೆಂಪು ಕಾಣತೊಡಗಿತು. ಹಲ್ಲುಜ್ಜಿ ಉಗಿಯುತ್ತಿದ್ದ ಅಕ್ಕನಿಗೆ ಅದು ಕಾಣುತ್ತಿರಲಿಲ್ಲ. ತಂಗಿ ಹಿಂದೆಯೇ ಹೋಗಿ ನಲ್ಲಿ ಬಿಟ್ಟು ತೊಳೆಯುತ್ತಿದ್ದಳು. ನೀರು ತಿಳಿಯಾದ ಮೇಲೂ ಕೈ ನಿಲ್ಲುತ್ತಿರಲಿಲ್ಲ. ಮುದ್ರಣಾಲಯದಲ್ಲಿ ಕೆಂಪು ಶಾಯಿಯ ಪೆನ್ನನ್ನು ಮೇಜಿನ ಖಾನೆಯೊಳಗೆ ಹಾಕಿಟ್ಟಳು. ನೀಲಿ ಪೆನ್ನಿನಲ್ಲೇ ತಿದ್ದಲು ಶುರುಮಾಡಿದಳು.

ಒಂದು ದಿನ ಅಕ್ಕ ಮುಂಗೈ ಚಾಚಿದಳು. "ಇಲ್ಲಿ ಮುಟ್ಟಿದ್ರೆ ನೋಯುತ್ತೆ. ಏನಾದ್ರೂ ಕಾಣುತ್ತಾ ನೋಡೇ."

ಮಣಿಕಟ್ಟಿನಿಂದ ಮೊಣಕೈವರೆಗೆ ನೇರಳೆ ಬಣ್ಣ ಹರಡಿತ್ತು. ಆಗ ಅವಳ ಬಾಯಿಗೆ ಬಂದ ಮಾತು ಬೇರೆ. ಆಸ್ಪತ್ರೆಗೆ ಹೋಗೋಣ ನಡಿ ಅಂದರೆ ಉಪಾಯ ಅಲ್ಲಿಗೇ ಮುಗಿಯುತ್ತಿತ್ತು, ಅಕ್ಕ ಉಳಿಯುತ್ತಿದ್ದಳು. ತಂಗಿಯ ಕಣ್ಣನ್ನೇ ನಂಬಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಿದ್ದವಳನ್ನು ಅವಳು ಬಹಳ ಹೊತ್ತು ನೋಡಿದಳು.

"ಏನೂ ಇಲ್ಲ ಅಕ್ಕಾ," ಎಂದಳು.

ಸಾಲು ಬಿಡುವುದಷ್ಟೇ ತನ್ನ ಕೆಲಸ ಎಂದುಕೊಂಡಿದ್ದವಳು ಹೇಳಿದ ಮೊದಲ ಸುಳ್ಳು ಅದು.

ಹತ್ತು ದಿನಗಳ ನಂತರ ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಕುಸಿದಳು. ಹೊಟ್ಟೆಯೊಳಗೆ ರಕ್ತ ಸೋರಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಎಚ್ಚರ ತಪ್ಪುತ್ತಾ ಮರಳುತ್ತಾ ಇದ್ದು, ಮೂರನೇ ದಿನ ತೀರಿಕೊಂಡಳು. ನೋವಿನ ಮಾತ್ರೆ ಬಿಟ್ಟಿರಲಿಲ್ಲವೇ ಎಂದು ಡಾಕ್ಟರು ಕೇಳಿದಾಗ ತಂಗಿ ನಿಜವಾಗಿಯೂ ಅತ್ತಳು. ಅವರು ತಲೆ ತಗ್ಗಿಸಿ ಮರಣಪತ್ರಕ್ಕೆ ಸಹಿ ಮಾಡಿದರು.

ಎಲ್ಲವೂ ಎಣಿಸಿದಂತೆಯೇ ಆಗಿತ್ತು. ಆದರೆ ದಿನಾ ಬೆಳಿಗ್ಗೆ ಬಚ್ಚಲ ಕಡೆಯಿಂದ ಯಾರೋ ಬಾಯಿ ಮುಕ್ಕಳಿಸಿ ಉಗಿದ ಸದ್ದು ಕೇಳುತ್ತಿತ್ತು. ಅವಳು ಎದ್ದು ಹೋಗಿ, ಒಣಗಿದ ಬೇಸಿನ್ನನ್ನೇ ತಿಕ್ಕಿ ತಿಕ್ಕಿ ತೊಳೆದು ಬರುತ್ತಿದ್ದಳು.

ಎರಡು ವಾರಗಳಾದ ಮೇಲೆ ಆಸ್ಪತ್ರೆಯ ಔಷಧ ವಿಭಾಗದ ಹೆಂಗಸು ಮನೆಗೆ ಬಂದಳು. ಮಾತ್ರೆಯ ಅಡ್ಡಪರಿಣಾಮದಿಂದ ಸಾವಾದರೆ ವರದಿ ಬರೆಯುವುದು ಕಡ್ಡಾಯವಂತೆ. ಎಚ್ಚರಿಕೆಯ ಸಾಲುಗಳನ್ನು ರೋಗಿಗೆ ಓದಿ ಹೇಳಿದ್ದಿರಾ ಎಂದು ಮೆಲ್ಲಗೆ ಕೇಳಿದಳು.

"ಮೊದಲಿಂದ ಕೊನೇವರೆಗೂ ಓದಿದ್ದೀನಿ. ಅಕ್ಕ ಕೇಳಲಿಲ್ಲ," ಎಂದು ತಂಗಿ ಆಕೆ ತೋರಿಸಿದ ಜಾಗದಲ್ಲಿ ಸಹಿ ಹಾಕಿದಳು.

ಆ ಹೆಂಗಸು ಕಾಗದವನ್ನು ಮಡಿಸಿಟ್ಟು, ಚೀಲದಿಂದ ಅಕ್ಕನ ಮೊಬೈಲು ತೆಗೆದಳು. ಯಾವ ಯಾವ ಮಾತ್ರೆ ತಗೊಂಡಿರಿ ಎಂದು ವಾರ್ಡಿನಲ್ಲಿ ಕೇಳಿದಾಗ ಅಕ್ಕನೇ ಅದನ್ನು ನರ್ಸಿನ ಕೈಗೆ ಕೊಟ್ಟಿದ್ದಳಂತೆ. ಕಣ್ಣಿದ್ದವರು ಮರೆತರೆ ಚೀಟಿಯನ್ನು ಮತ್ತೆ ಬಿಡಿಸಿ ನೋಡುತ್ತಾರೆ. ಕಣ್ಣಿಲ್ಲದ ಅಕ್ಕ ಮರೆತರೆ ಏನು ಮಾಡುತ್ತಿದ್ದಳೆಂದು ಇಷ್ಟು ವರ್ಷ ಜೊತೆಗಿದ್ದ ತಂಗಿ ಒಮ್ಮೆಯೂ ಯೋಚಿಸಿರಲಿಲ್ಲ. ಹೆಂಗಸು ತಾನು ತಂದಿದ್ದ ಅದೇ ಚೀಟಿಯ ಪ್ರತಿಯನ್ನು ಮೇಜಿನ ಮೇಲೆ ಹರವಿ ಮೊಬೈಲನ್ನು ಒತ್ತಿದಳು. "ಹೊಸ ಮಾತ್ರೆ, ಎದೆಬಡಿತದ್ದು. ಪುಟ್ಟಿ ಓದ್ತಾಳೆ. ಮರೆತ್ರೆ ಇದನ್ನೇ ಕೇಳ್ಕೋಬೇಕು," ಎಂದಿತು ಅಕ್ಕನ ದನಿ. ಆಮೇಲೆ ತಂಗಿಯ ದನಿ, ಎಲ್ಲೂ ತಡವರಿಸದ ಆ ಸ್ಪಷ್ಟ ದನಿ, ಓದುತ್ತಾ ಹೋಯಿತು. ಹೆಂಗಸಿನ ಬೆರಳು ಚೀಟಿಯ ಮೇಲೆ ಅದರ ಜೊತೆಗೇ ಸಾಲು ಸಾಲಾಗಿ ಸರಿಯುತ್ತಾ ಎರಡನೇ ಪುಟಕ್ಕೆ ಬಂದು, ಅಲ್ಲಿ ನಿಂತಿತು. ದನಿ ಮಾತ್ರ ನಿಲ್ಲದೆ ಮುಂದೆ ಹೋಯಿತು.