ತಲೆಯಾಡಿಸದವಳು

“ಆ ಕೊನೇ ಬೆಂಚಿನ ಹುಡುಗಿ ಬೇಡ ಮೇಡಂ. ಬೇಕಂತಲೇ ನನ್ನ ಪಾಠ ಕೆಡಿಸ್ತಾಳೆ.”

ಅವನು ಹೀಗೆ ದೂರು ಕೊಡುವಾಗ ನಾನು ಅದೇ ಕೋಣೆಯಲ್ಲಿ, ಬೀರುವಿನ ಹಿಂದೆ ನೆಲ ಒರೆಸುತ್ತಿದ್ದೆ. ಬಕೆಟ್ ಸದ್ದಾಯಿತು. ಅವನು ತಿರುಗಿ ನೋಡಿದ. ಮುಖ ಕೆಂಪಾಯಿತೇ ಹೊರತು ದನಿ ತಗ್ಗಲಿಲ್ಲ.

“ಕೇಳಿಸ್ತಲ್ಲ? ಒಳ್ಳೇದೇ ಆಯ್ತು.”

ಸಂಜೆಯಾದರೂ ಇಸ್ತ್ರಿ ಮುರಿಯದ ಅಂಗಿ ಅವನದು. ಮನಸ್ಸಿನಲ್ಲಿ ನಾನು ಅವನನ್ನು ಗರಿಗರಿ ಮೇಷ್ಟ್ರು ಎಂದೇ ಕರೆಯುತ್ತಿದ್ದೆ.

ಈ ಶಿಕ್ಷಕರ ತರಬೇತಿ ಕೇಂದ್ರದಲ್ಲಿ ಕಸ ಗುಡಿಸುವವಳು ನಾನು. ಬೇಸಿಗೆ ಟರ್ಮಿನಲ್ಲಿ ಶಾಲೆಗಳಿಗೆ ರಜೆ. ಮೇಷ್ಟ್ರಾಗಲು ಬಂದವರಿಗೆ ಪಾಠ ಮಾಡಿ ಕಲಿಯಲು ಮಕ್ಕಳೇ ಸಿಗುವುದಿಲ್ಲ. ಹಾಗಾಗಿ ವಾಚ್‌ಮನ್ ಮಾಮ, ಕ್ಯಾಂಟೀನ್ ಅಕ್ಕ, ನಾನು ಬೆಂಚಿನಲ್ಲಿ ಕೂತು ಮಕ್ಕಳಾಗುತ್ತೇವೆ. ಹಿಂದೆ ಕೂತು ಮೇಡಂ ಅಂಕ ಹಾಕುತ್ತಾರೆ. ತಲೆಯಾಡಿಸುವುದಷ್ಟೇ ನಮ್ಮ ಕೆಲಸ. ಮಾಮ ನಿದ್ದೆಯಲ್ಲೂ ಆಡಿಸುತ್ತಾರೆ.

ಹಾಗೆ ಮೇಷ್ಟ್ರಾಗಲು ಬಂದವರಲ್ಲಿ ಅವನೂ ಒಬ್ಬ. ಅವನ ಪಾಠ ಭಿನ್ನರಾಶಿ. ಅಮ್ಮ ಹಾಸಿಗೆ ಹಿಡಿದಾಗ, ಆರನೇ ಕ್ಲಾಸಿನಲ್ಲಿ, ನಾನು ಶಾಲೆ ಬಿಟ್ಟದ್ದು ಸರಿಯಾಗಿ ಆ ಪಾಠದ ನಡುವೆ. ದೂರಿನ ಹಿಂದಿನ ದಿನ, ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಎಂದು ಅವನು ಬೋರ್ಡಿನ ಮೇಲೆ ಬರೆದ.

“ಭಾಗ ಮಾಡಿದ್ರೆ ಕಡಿಮೆ ಆಗ್ಬೇಕಲ್ವಾ ಸರ್? ಜಾಸ್ತಿ ಯಾಕಾಯ್ತು?” ನಾಲ್ಕು ಜನರ ಎದುರು ನಾನು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

“ಅರ್ಧವನ್ನ ತಲೆಕೆಳಗು ಮಾಡಿ ಗುಣಿಸಬೇಕು. ಅದು ನಿಯಮ.”

“ಯಾಕೆ?”

ಅವನ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಮೇಡಂ ಅವನನ್ನು ಫೇಲ್ ಮಾಡಿದರು. ಟರ್ಮಿನ ಕೊನೆಯ ದಿನ ಇನ್ನೊಂದೇ ಅವಕಾಶ. ಅದೂ ಹೋದರೆ ಸರ್ಟಿಫಿಕೇಟ್ ಇಲ್ಲ, ಮೇಷ್ಟ್ರ ಕೆಲಸವೂ ಇಲ್ಲ.

ದೂರು ಕೊಟ್ಟ ಮರುದಿನ ಕಾರಿಡಾರಿನಲ್ಲಿ ಅಡ್ಡ ನಿಂತ.

“ಒಂಬತ್ತು ಜನ ಪಾಠ ಮಾಡಿದ್ರು. ಎಲ್ಲರಿಗೂ ತಲೆ ಆಡಿಸಿದ್ರಿ, ಕಣ್ಣಾರೆ ನೋಡಿದ್ದೀನಿ. ನನ್ನ ಮೇಲೆ ಮಾತ್ರ ಏನು ಹಗೆ?”

ಅವನ ಎಡ ರೆಪ್ಪೆಯ ಮೇಲೆ ಸೀಮೆಸುಣ್ಣದ ಪುಡಿ ಕೂತಿತ್ತು. ಬೆರಳ ತುದಿಯಿಂದ ಒರೆಸಬೇಕೆನಿಸಿತು. ಕಪಾಳಕ್ಕೆ ಬಾರಿಸಬೇಕೆಂದೂ ಅನಿಸಿತು.

“ಕಾಲೆತ್ತಿ ಸರ್, ನೆಲ ಒರೆಸಬೇಕು” ಎಂದೆ, ನೆಲವನ್ನೇ ನೋಡುತ್ತ.

ಮೇಡಂ ದೂರಿಗೆ ಸೊಪ್ಪು ಹಾಕಲಿಲ್ಲ. ಕೊನೆಯ ದಿನವೂ ನಾನು ಬೆಂಚಿನಲ್ಲಿದ್ದೆ.

“ಇವತ್ತೊಂದಿನ ತಲೆ ಆಡಿಸಿಬಿಡು ತಾಯಿ,” ಕ್ಯಾಂಟೀನ್ ಅಕ್ಕ ಪಿಸುಗುಟ್ಟಿದರು. “ಕತ್ತೇನೂ ಉದುರಿ ಬೀಳಲ್ಲ.”

ಅವನು ಮೂರು ಹಾಳೆ ತಂದಿದ್ದ. ಒಂದೊಂದನ್ನೂ ಎರಡಾಗಿ ಹರಿದು ಆರು ತುಂಡು ತೋರಿಸಿದ. ಮೂರರಲ್ಲಿ ಎಷ್ಟು ಅರ್ಧಗಳಿವೆ ಎಂಬುದೇ ಪ್ರಶ್ನೆಯಂತೆ. ಇಷ್ಟು ಸುಲಭವೇ! ಅವನು ನೇರವಾಗಿ ನನ್ನನ್ನೇ ನೋಡಿದ, ಗೆದ್ದವನ ಹಾಗೆ.

“ಅರ್ಥ ಆಯ್ತಾ?”

ಆಡಿಸಿಬಿಡಬಹುದಿತ್ತು. ಆಗಲಿಲ್ಲ.

“ಅರ್ಧದ್ದು ಆಯ್ತು ಸರ್. ಮುಕ್ಕಾಲಿಂದ ಭಾಗಿಸಿದ್ರೆ?”

ಅಕ್ಕ ಹಣೆ ಚಚ್ಚಿಕೊಂಡರು. ಅವನ ದವಡೆ ಬಿಗಿಯಿತು. ನಿಯಮ ಎನ್ನುತ್ತಾನೆ ಅಂದುಕೊಂಡೆ. ಬದಲಿಗೆ ಇನ್ನೂ ಮೂರು ಹಾಳೆ ಹಿಡಿದು ನನ್ನ ಬೆಂಚಿಗೇ ಬಂದು, ಪಕ್ಕದಲ್ಲಿ ಮಂಡಿಯೂರಿ ಕೂತ.

“ನನಗೂ ಸರಿಯಾಗಿ ಗೊತ್ತಿಲ್ಲ,” ಹಲ್ಲು ಕಚ್ಚಿ ಹೇಳಿದ. “ಮಡಚಿ. ನೋಡೋಣ.”

ಪ್ರತಿ ಹಾಳೆಯನ್ನೂ ನಾಲ್ಕು ಪಾಲಾಗಿ ಮಡಚಿ, ಒಂದೊಂದು ಪಾಲು ಹರಿದು ತೆಗೆದೆವು. ಮೂರು ಮುಕ್ಕಾಲುಗಳು ಉಳಿದವು. ಹರಿದಿಟ್ಟ ಮೂರು ಕಾಲುಗಳನ್ನು ನಾನು ಸುಮ್ಮನೆ ಜೋಡಿಸಿದೆ.

“ಇದೂ ಒಂದು ಮುಕ್ಕಾಲು! ನಾಲ್ಕು!”

ನನ್ನ ಕೂಗಿಗೆ ಮಾಮ ಎಚ್ಚರಾದರು. ಅವನು ನನ್ನ ಕೈಯನ್ನೂ ತುಂಡುಗಳನ್ನೂ ನೋಡುತ್ತಿದ್ದ, ತಾನೂ ಈಗಷ್ಟೇ ಕಲಿತವನಂತೆ. ಆಗಲೇ ಗಂಟೆ ಹೊಡೆಯಿತು. ಪಾಠ ಪೂರ್ತಿಯಾಗಿರಲಿಲ್ಲ.

“ಸಮಯದೊಳಗೆ ಮುಗಿಸದಿದ್ದಕ್ಕೆ ಐದು ಅಂಕ ಕಟ್,” ಮೇಡಂ ಪೆನ್ನು ಮುಚ್ಚಿದರು. “ಅಂತೂ ಪಾಸು.”

ಮಧ್ಯಾಹ್ನ ಎಲ್ಲರೂ ಈ ಟರ್ಮಿನಲ್ಲಿ ಕಲಿತದ್ದನ್ನು ಒಂದು ಪುಟ ಬರೆದು ಓದಬೇಕಿತ್ತು. ತಾಳ್ಮೆ, ಶಿಸ್ತು, ಗೆಳೆತನ ಎಂದು ಒಬ್ಬೊಬ್ಬರೂ ಓದಿದರು. ಅವನ ಸರದಿ ಬಂದಾಗ ನಾನು ಬಾಗಿಲಲ್ಲಿ ಖಾಲಿ ಲೋಟಗಳನ್ನು ಹಿಡಿದು ನಿಂತಿದ್ದೆ.

“ಒಬ್ಬರು ನನ್ನ ಬೇಸಿಗೆಯನ್ನೇ ಹಾಳು ಮಾಡಿದರು,” ಅವನು ಓದಿದ. “ಅವರಿಲ್ಲದಿದ್ದರೆ ನಾನು ಮೊದಲ ಪಾಠದಲ್ಲೇ ಪಾಸಾಗಿ, ಏನೂ ತಿಳಿಯದ ಮೇಷ್ಟ್ರಾಗಿ ಹೋಗುತ್ತಿದ್ದೆ.”

ಎಲ್ಲರೂ ನಗುತ್ತ ನನ್ನ ಕಡೆ ತಿರುಗಿದರು. ಕಿವಿ ಕಾದ ಕಬ್ಬಿಣವಾಯಿತು. ಲೋಟಗಳ ಸಮೇತ ಹಿತ್ತಲ ನಲ್ಲಿಗೆ ಓಡಿದೆ. ಹಿಂದೆಯೇ ಅವನ ಹೆಜ್ಜೆ.

“ಮುಕ್ಕಾಲು ಕೇಳಲೇಬೇಕಿತ್ತಾ? ನನ್ನ ಜೀವ ಬಾಯಿಗೆ ಬಂದಿತ್ತು.”

“ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದೆ.”

“ಬೇರೆಯವರ ಹತ್ತಿರ ಅನ್ನಲಿಲ್ಲವಲ್ಲ!”

ನಾನು ನಲ್ಲಿ ನಿಲ್ಲಿಸಿದೆ. ಹೇಳದಿದ್ದರೆ ಅವನು ಹಗೆ ಎಂದೇ ತಿಳಿದು ಹೊರಟುಹೋಗುತ್ತಿದ್ದ.

“ಅವರು ಪಾಸಾದ್ರೂ ಫೇಲಾದ್ರೂ ನನಗೇನು? ತಲೆ ಆಡಿಸಿದೆ. ನಿಮ್ಮ ಹತ್ತಿರ ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ.”

ನಾನು ಮೊದಲ ಸಲ ಅವನ ಕಣ್ಣನ್ನು ನೆಟ್ಟಗೆ ನೋಡಿದೆ. ಅವನೇ ನೋಟ ತಪ್ಪಿಸಿದ.

“ನನ್ನ ಕೋಪ ಇನ್ನೂ ಇಳಿದಿಲ್ಲ,” ಕೊನೆಗೆ ಗೊಣಗಿದ.

“ನಂದೂ ಇಳಿದಿಲ್ಲ. ಬೇಡ ಅಂದವರು ನೀವು.”

“ನಾಳೆ ಬರ್ತೀನಿ. ಉಳಿದ ಜಗಳ ಮುಗಿಸೋಕೆ.”

“ಟರ್ಮ್ ಮುಗೀತಲ್ಲ ಸರ್. ನಾಳೆ ನಿಮಗಿಲ್ಲೇನೂ ಕೆಲಸ ಇಲ್ಲ.”

“ಅದು ಗೊತ್ತಿದ್ದೇ ಬರೋದು.”

ಒಂದೊಂದೇ ಲೋಟ ಉಜ್ಜಿ ಬೋರಲು ಹಾಕಿದೆ. ಅವನು ಕದಲಲಿಲ್ಲ.

“ಹತ್ತು ಗಂಟೆಗೆ ಗೇಟು ತೆಗೀತಾರೆ” ಎಂದೆ.