ಎರಡನೇ ಕೀ

ಮಧ್ಯಾಹ್ನ ಒಂದು ಗಂಟೆಗೆ ಕ್ಲಿನಿಕ್ಕಿನ ಬಾಗಿಲು ತೆರೆದರೆ ಹಲ್ಲಿನ ಡಾಕ್ಟರಿಗೆ ತಲೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. "ನಮಸ್ಕಾರ ಡಾಕ್ಟ್ರೇ" ಎಂಬ ದನಿ ಮೊದಲು ಒಳಗೆ ಬಂದು ಕುರ್ಚಿ ಹಿಡಿಯುತ್ತಿತ್ತು. ಮನುಷ್ಯ ಆಮೇಲೆ ಬರುತ್ತಿದ್ದ.

ಅವನು ಅವಳ ಅಕ್ಕನ ಮೈದುನ. ಜಾಹೀರಾತುಗಳಿಗೆ ದನಿ ಕೊಡುವುದು ಕಸುಬು. ಗೋಡೆಯ ಬಣ್ಣ, ಸೊಳ್ಳೆ ಬತ್ತಿ, ಹಾಸಿಗೆ, ಎಲ್ಲವನ್ನೂ ಅದೇ ಜೇನು ಸವರಿದ ದನಿಯಲ್ಲಿ ಹೊಗಳುತ್ತಿದ್ದ. ಹತ್ತರಲ್ಲಿ ಒಂಬತ್ತು ದಂತವೈದ್ಯರು ಮೆಚ್ಚಿದ ಟೂತ್‌ಪೇಸ್ಟ್ ಎಂದು ರೇಡಿಯೋದಲ್ಲಿ ಹೇಳಿದ ದಿನ ಅವಳು ಅವನಿಗೆ ಪೇಸ್ಟು ಎಂದು ಹೆಸರಿಟ್ಟಳು. ಮೆಚ್ಚದ ಆ ಹತ್ತನೆಯವಳು ನಾನೇ ಎಂದು ಅಕ್ಕನ ಮುಂದೆ ಹೇಳಿಯೂ ಇದ್ದಳು.

ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಳ್ಳದಿದ್ದರೆ ಈ ಮುಖವನ್ನು ದಿನಾ ನೋಡುವ ಗತಿ ಬರುತ್ತಿರಲಿಲ್ಲ. ಭಾವ ಹಡಗಿನ ಕೆಲಸದಲ್ಲಿ ದೂರ ಇದ್ದರು. ಅಕ್ಕನ ಕಾರಿನಲ್ಲಿ ಬೆಳಿಗ್ಗೆ ಅವಳನ್ನು ಫಿಸಿಯೋಥೆರಪಿಗೆ ಕರೆದೊಯ್ಯುವುದು ತಂಗಿಯ ಪಾಲು. ಸಂಜೆ ಅಕ್ಕ ನಡೆಸುವ ಹೊಲಿಗೆ ತರಗತಿಗೆ ಬಿಡುವುದು ಮೈದುನನ ಪಾಲು. ಕಾರಿಗೆ ಒಂದೇ ಕೀ. ಬೆಳಿಗ್ಗೆ ಅವನು ತಂದು ಕೊಡಬೇಕು, ಮಧ್ಯಾಹ್ನ ಬಂದು ಒಯ್ಯಬೇಕು.

ಅದನ್ನು ಕೀ ಅನ್ನುವುದೂ ಹೆಚ್ಚೇ. ಬಟನ್ನಿನ ರಬ್ಬರ್ ಹರಿದಿತ್ತು, ಬೀಗದ ಗುರುತು ಅಳಿಸಿತ್ತು, ಬಿರುಕು ಬಿಟ್ಟ ಪ್ಲಾಸ್ಟಿಕ್ಕನ್ನು ಒಂದು ರಬ್ಬರ್ ಬ್ಯಾಂಡು ಹಿಡಿದುಕೊಂಡಿತ್ತು. ಅವನು ಕಾರಿನ ಪಕ್ಕ ನಿಂತು ಅದನ್ನು ಒತ್ತುತ್ತಿದ್ದ, ಕೊಡವುತ್ತಿದ್ದ, ಮತ್ತೆ ಒತ್ತುತ್ತಿದ್ದ. ನಡುನಡುವೆ ಅವಳ ಕಿಟಕಿಯತ್ತ ಕಣ್ಣು ಹಾಯಿಸುತ್ತಿದ್ದ. ಅವಳು ಕಿಟಕಿಯಲ್ಲಿ ನಿಲ್ಲುತ್ತಿದ್ದದ್ದು ಅವನ ದಡ್ಡತನ ನೋಡಿ ಖುಷಿಪಡಲಿಕ್ಕೆ ಮಾತ್ರ.

"ಒಂದು ಬಟನ್ ಒತ್ತೋಕೆ ಬರಲ್ವಾ ನಿಮಗೆ?"

"ನಿಮ್ಮ ಮುಂದೆ ಕೈ ನಡುಗುತ್ತೆ ಡಾಕ್ಟ್ರೇ."

"ಕೈಗೆ ಬೇರೆ ಡಾಕ್ಟರ್ ಇದ್ದಾರೆ. ಹೊರಡಿ."

ಒಂದು ಬೆಳಿಗ್ಗೆ ಫಿಸಿಯೋಥೆರಪಿ ಮುಗಿಸಿ ಬಂದರೆ ಬಟನ್ ಸತ್ತೇಹೋಗಿತ್ತು. ಕೀಯನ್ನು ಬಾಗಿಲಿಗೆ ಹಾಕಿ ತಿರುಗಿಸಿದ್ದೇ ತಡ, ಕಾರು ಕಿರುಚಿಕೊಂಡಿತು. ಬೀದಿಯವರೆಲ್ಲ ಕಳ್ಳಿಯನ್ನು ನೋಡುವಂತೆ ಅವಳನ್ನು ನೋಡಿದರು. ಅಕ್ಕ ಊರುಗೋಲಿನ ಮೇಲೆ ಬಾಗಿ ಬಾಗಿ ನಕ್ಕಳು.

"ನಿನ್ನ ಮೈದುನನಿಗೆ ಒಂದು ಕೀ ರಿಪೇರಿ ಮಾಡಿಸೋ ಯೋಗ್ಯತೆ ಇಲ್ಲ."

"ಎಷ್ಟು ಸಲ ಹೇಳಿದೀನಿ ಕಣೇ. ಮಾಡಿಸ್ತೀನಿ ಅತ್ತಿಗೆ ಅಂತಾನೆ, ಅಷ್ಟೇ."

"ನಾನೇ ಮಾಡಿಸ್ತೀನಿ. ಒಂದು ಸ್ಪೇರ್ ಕೂಡ. ಆಮೇಲೆ ಕಾರನ್ನ ನಿನ್ನ ಮನೆ ಮುಂದೇ ಬಿಟ್ರೆ ಸಾಕು, ಆ ಮುಖ ನೋಡೋ ಕರ್ಮ ತಪ್ಪುತ್ತೆ."

"ತಪ್ಪಲಿ ಬಿಡು" ಎಂದ ಅಕ್ಕ ಅವಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

ಅಕ್ಕನನ್ನು ಮನೆಗೆ ಬಿಟ್ಟು ಅವಳು ಕೀ ಅಂಗಡಿಗೆ ಹೋದಳು. ಅಂಗಡಿಯವನು ತನ್ನ ಹೊಟ್ಟೆಯ ಅಳತೆಗೆ ಹೊಲಿಸಿಕೊಂಡಂತಿದ್ದ ಗೂಡಿನಲ್ಲಿ ಕೂತು, ಫೋನಿನಲ್ಲಿ ಯಾರಿಗೋ ಅಡುಗೆ ಮಾಡುವುದು ಹೇಗೆಂದು ಹೇಳಿಕೊಡುತ್ತಿದ್ದ. ಅದು ಮುಗಿಯುವ ತನಕ ಅವಳು ಕಾದಳು. ಫೋನಿಟ್ಟು ಅವನು ಚಾಕುವಿನ ತುದಿಯಿಂದ ಕೀಯನ್ನು ಸೀಳಿದ. ಒಳಗಿನ ಕೊಳೆ ವರ್ಷಗಟ್ಟಲೆ ಉಜ್ಜದ ಹಲ್ಲಿನ ಹಾಗಿತ್ತು. ಆ ಪೇಸ್ಟು ಕೈ ಹಾಕಿದ ವಸ್ತು ಇನ್ನು ಹೇಗಿರುತ್ತದೆ ಎಂದುಕೊಂಡಳು. ಅಂಗಡಿಯವನು ಒಳಗಿನ ಚಿಪ್ಪನ್ನು ಹೊಸ ಕೇಸಿಗೆ ಹಾಕಿ, ಸಡಿಲಾದ ಬಟನ್ನಿಗೆ ಬೆಸುಗೆ ಇಟ್ಟು, ಹೊಸ ಬ್ಯಾಟರಿ ಕೂರಿಸಿದ. ಒತ್ತಿದ ಕೂಡಲೇ ಕಾರು ತೆಪ್ಪಗೆ ತೆರೆದುಕೊಂಡಿತು. ಆಮೇಲೆ ಸ್ಪೇರ್ ಮಾಡಲು ಸ್ಟಿಯರಿಂಗ್ ಕೆಳಗೆ ವೈರು ಸಿಕ್ಕಿಸಿ ಅದರ ತುದಿಯ ಮಷಿನ್ ನೋಡಿದ.

"ಇನ್ನೊಂದು ಕೀ ಕೊಡಿ ಮೇಡಂ."

"ಇನ್ನೊಂದು ಇದ್ದಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ?"

"ಈ ಗಾಡಿಗೆ ಎರಡು ಕೀ ಅಂತ ತೋರಿಸ್ತಿದೆ. ಹೊಸದು ಸೇರಿಸುವಾಗ ಎಲ್ಲಾ ಇರಬೇಕು. ಇಲ್ದೇ ಇರೋದು ಅಳಿಸಿಹೋಗುತ್ತೆ." ಅವನು ಇಳಿದು ನಂಬರ್ ಪ್ಲೇಟ್ ನೋಡಿದ. "ಅರೆ, ಇದಕ್ಕೆ ನಾನೇ ಮಾಡಿಕೊಟ್ಟಿದ್ದೀನಿ, ಹೋದ ತಿಂಗಳು. ರೇಡಿಯೋದಲ್ಲಿ ಮಾತಾಡ್ತಾರಲ್ಲ, ಅವರು ಬಂದಿದ್ರು. ಹಳೇದನ್ನೂ ಸರಿ ಮಾಡ್ತೀನಿ ಅಂದ್ರೆ ಬೇಡವೇ ಬೇಡ ಅಂದ್ರು. ನಿಮ್ಮ ಯಜಮಾನ್ರಾ?"

"ದೇವರು ದೊಡ್ಡವನು, ಅಲ್ಲ."

ಸ್ಪೇರ್ ಬೇಡವೆಂದು ಅವಳು ಕಾರು ಹತ್ತಿದಳು. ಸೋಮಾರಿ ಅಂದುಕೊಂಡಿದ್ದವನು ಸುಳ್ಳುಗಾರನೂ ಹೌದು. ತಿಂಗಳಿಂದ ಜೇಬಿನಲ್ಲಿ ಕೀ ಇಟ್ಟುಕೊಂಡು ದಿನಾ ಕೈಚಾಚಿದ್ದಾನೆ. ಸಿಗ್ನಲ್ಲಿನಲ್ಲಿ ನಿಂತಾಗ, ಯಾಕೆ ಎಂಬ ಪ್ರಶ್ನೆ ನಿಧಾನವಾಗಿ ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಕಿವಿ ಬಿಸಿಯಾಯಿತು. ಹೇಳದೆ ಕೇಳದೆ ಬಿಸಿಯಾಗುವ ತನ್ನ ಕಿವಿಗಳ ಬಗ್ಗೆಯೂ ಅವಳಿಗೆ ತಿರಸ್ಕಾರ ಹುಟ್ಟಿತು.

ಮಧ್ಯಾಹ್ನ ಅವನು ಕ್ಲಿನಿಕ್ಕಿಗೆ ಬರುವ ಮೊದಲೇ ಅವಳು ಅವನ ಸ್ಟುಡಿಯೋಗೆ ಹೋದಳು. ಗಾಜಿನಾಚೆ ಅವನು ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ನೆಲ ಒರೆಸುವ ದ್ರಾವಣವೊಂದರ ಜೊತೆ ಸರಸವಾಡುತ್ತಿದ್ದ. ಅವಳು ನೇರ ಒಳಗೆ ನುಗ್ಗಿದಳು.

ಅವನು ಕಣ್ಣು ಬಿಟ್ಟ. ಅವಳ ಕೈಯಲ್ಲಿ ರಿಪೇರಿಯಾದ ಕೀ ನೋಡಿದ. ಹುಬ್ಬು, ತುಟಿ, ಕತ್ತು ಒಂದೊಂದಾಗಿ ಇಳಿದವು.

"ಮೈಕ್ ಆನ್ ಇದೆ ಡಾಕ್ಟ್ರೇ."

"ಇರಲಿ. ಜೇಬಲ್ಲಿರೋದು ತೆಗೀರಿ."

ತೆಗೆದ. ಒಂದು ಗೀರೂ ಬೀಳದೆ ಹೊಳೆಯುತ್ತಿತ್ತು.

"ಒಂದು ಸಲನಾದ್ರೂ ಉಪಯೋಗಿಸಿದ್ರಾ?"

"ಇಲ್ಲ."

"ಮತ್ತೆ ಮಾಡಿಸಿದ್ದು ಯಾಕೆ?"

"ನಿಮಗೆ ಕೊಡೋಕೇ. ಅವತ್ತೇ ತಂದಿದ್ದೆ. ನೀವು ಕಿಟಕಿ ಹತ್ರ ನಿಂತು ನನ್ನ ಬೈತಾ ಇದ್ರಿ. ಕೊಟ್ಟುಬಿಟ್ರೆ ನಾಳೆಯಿಂದ ಬರೋ ಹಾಗಿಲ್ಲ ಅನ್ನಿಸ್ತು. ನನ್ನ ಹಲ್ಲು ಬೇರೆ ಗಟ್ಟಿಯಾಗಿವೆ. ಕೈ ಜೇಬಿನಿಂದ ಆಚೆ ಬರಲೇ ಇಲ್ಲ."

ದನಿ ಒಣಗಿತ್ತು, ನಡುವೆ ಎರಡು ಕಡೆ ಮುರಿಯಿತು. ಆ ದನಿಯಲ್ಲಿ ಹೊಗಳಿದ್ದರೆ ಒಂದು ಬೆಂಕಿಪೊಟ್ಟಣವೂ ಮಾರಾಟವಾಗುತ್ತಿರಲಿಲ್ಲ. ಅದಕ್ಕೇ ಅವಳು ನಂಬಿದಳು.

"ನಿಮ್ಮನ್ನ ಕಂಡ್ರೆ ನನಗಾಗಲ್ಲ, ಗೊತ್ತಲ್ಲ?"

"ಗೊತ್ತು. ಪೇಸ್ಟು ಅನ್ನೋದೂ ಗೊತ್ತು. ಅತ್ತಿಗೆ ಹೇಳಿದ್ದಾರೆ."

"ಈ ಸುಳ್ಳು, ಈ ದನಿ, ಈ ಅಂಗಿ, ಯಾವುದೂ ನನಗೆ ಹಿಡಿಸಲ್ಲ."

"ಅಂಗಿ ಬದಲಾಯಿಸಬಹುದು."

"ಆದ್ರೂ ಒಂದು ಗಂಟೆಗೆ ಯಾವ ಪೇಶಂಟನ್ನೂ ಕೂರಿಸಬೇಡ ಅಂತ ರಿಸೆಪ್ಶನ್ ಹುಡುಗಿಗೆ ಹೇಳಿದವಳು ನಾನೇ. ಯಾಕೆ ಅಂತ ಅವಳೂ ಕೇಳಲಿಲ್ಲ, ನಾನೂ ಕೇಳ್ಕೊಳ್ಳಲಿಲ್ಲ."

ಗಾಜಿನಾಚೆ ರೆಕಾರ್ಡಿಂಗ್ ನೋಡಿಕೊಳ್ಳುವವನು ಮರ್ಯಾದೆಯಾಗಿ ಬೆನ್ನು ತಿರುಗಿಸಿ ಕೂತ.

"ನಡಿ, ಊಟ ಮಾಡೋಣ" ಎಂದಳು. "ಡ್ರೈವ್ ನಾನು ಮಾಡ್ತೀನಿ. ನಿನ್ನ ಡ್ರೈವಿಂಗ್ ನೋಡಿದ್ದೀನಿ."

"ಏನಂದ್ರಿ?"

"ಕಿವಿನೂ ಕೇಳಲ್ವಾ ನಿನಗೆ?" ಎಂದ ಅವಳು, ಅವನ ತಲೆಯ ಹೆಡ್‌ಫೋನನ್ನು ತಾನೇ ಎತ್ತಿ ತೆಗೆದು, ಕೆದರಿದ ಕೂದಲನ್ನು ಬೆರಳಿನಿಂದ ಸರಿ ಮಾಡಿದಳು.