ಗಾಳಿಪೆಟ್ಟಿಗೆಯ ಎರಡು ಬೋಲ್ಟು

ನಿಜಾಮರ ರಾಜ್ಯದ ಫಸಲಿ 1345, ಬೇಸಿಗೆಯ ತೀರ್ ತಿಂಗಳ ಹದಿನಾಲ್ಕು. ಮಧ್ಯಾಹ್ನ ಮೂರೂಕಾಲಕ್ಕೆ ಪೇಶ್ಕಾರ ಜಿಲಾನಿಸಾಬ್ ಲಿಂಗಸುಗೂರು ಠಾಣೆಗೆ ಬರಿಗಾಲಲ್ಲಿ ಓಡಿ ಬಂದರು. ಅಂಥ ಉರಿಬಿಸಿಲಲ್ಲಿ ತಹಸೀಲು ಕಚೇರಿಯ ಪೇಶ್ಕಾರರು ಚಪ್ಪಲಿ ಮರೆತು ಬಂದಿದ್ದಾರೆಂದರೆ ಸಣ್ಣ ಸಂಗತಿಯಲ್ಲ. ಪೊಲೀಸ್ ಜವಾನ ಅಂಬಪ್ಪ ಎದ್ದು ನಿಂತ.

"ಗಾಳಿಪೆಟ್ಟಿಗಿ ನಮ್ಮ ಅಮ್ಮೀಜಾನ್ ಮ್ಯಾಲ ಬಿದ್ದೈತ್ರಿ. ತೊಡಿ ಎಲುಬು ಮುರದೈತಿ. ಅದನ್ನ ಕೂಡ್ರಿಸಿದ ಮಸ್ಕಿ ಬಡಿಗ್ಯಾನ್ನ ಹಿಡೀರಿ ಮೊದಲ!"

ಠಾಣೆಯ ಮುಖ್ಯಸ್ಥ ಅಮೀನ ಹುಸೇನಬಾಷಾ ಪ್ರಥಮ ವರ್ತಮಾನ ವರದಿ ಬರೆಸಿದರು. ಐದು ಗಂಟೆಯ ಹೊತ್ತಿಗೆ, ಪೇಟೆಯಲ್ಲಿ ಕೆಲಸಕ್ಕೆ ಬಂದಿದ್ದ ಬಡಿಗ ಗದ್ದೆಪ್ಪ ಲಾಕಪ್ಪಿನಲ್ಲಿದ್ದ. ಬಡವ ಮಾಡಿದ ಕೆಲಸ ಕುಸಿದರೆ ಕಾರಣ ಹುಡುಕುವ ಶ್ರಮ ಯಾರಿಗೂ ಬೇಕಿಲ್ಲ. ಅವನನ್ನು ಹುಡುಕಿದರೆ ಸಾಕಾಗುತ್ತದೆ.

"ನಾಡದು ರಾಯಚೂರಿನ ಕೋರ್ಟಿಗೆ ಚಲಾನು," ಎಂದರು ಅಮೀನರು. ಅಷ್ಟರಲ್ಲಿ ಮುದುಕಿ ಸತ್ತರೆ ಗದ್ದೆಪ್ಪನ ತಲೆಗೆ ಸಾವಿನ ಆರೋಪವೂ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಪೇಶ್ಕಾರರ ಮನೆಯಲ್ಲಿ ಪಂಚನಾಮೆ ನಡೆಯಿತು. ಕಿಟಕಿ ತುಂಬುವಷ್ಟು ದೊಡ್ಡ ಮರದ ಪೆಟ್ಟಿಗೆ, ಒಳಗೆ ರೆಕ್ಕೆಗಳ ಚಕ್ರ, ಹಿಂದೆ ನೀರು ಚಿಮುಕಿಸಿದ ಲಾವಂಚದ ತಟ್ಟಿ. ಗೋಡೆಯಾಚೆ ಹಿತ್ತಲಲ್ಲಿ ಕೂತವನು ಹಿಡಿಕೆ ತಿರುವಿದರೆ ಮನೆಯೊಳಗೆ ತಂಪು ಗಾಳಿ. ಚಳಿಗಾಲದಲ್ಲಿ ತಟ್ಟಿ ತೆಗೆದು ಕೆಂಡದ ಅಗ್ಗಿಷ್ಟಿಕೆ ಇಟ್ಟರೆ ಬೆಚ್ಚನೆ ಗಾಳಿ. ಎರಡು ತಿಂಗಳ ಹಿಂದೆ ಅದು ಬಂದು, ತೊಲೆಗೆ ಕಟ್ಟಿದ್ದ ಬಟ್ಟೆಯ ಪಂಖಾ ಇಳಿದಿತ್ತು. ಈಗ ಪೆಟ್ಟಿಗೆ ಮುರಿದ ಮಂಚದ ಮೇಲೆ ಮಗುಚಿ ಬಿದ್ದಿತ್ತು.

"ಎಷ್ಟು ಬೋಲ್ಟು ಹಾಕಿದ್ದಿ?" ಬೇಡಿ ಹಾಕಿ ಕರೆತಂದಿದ್ದ ಗದ್ದೆಪ್ಪನನ್ನು ಅಮೀನರು ಕೇಳಿದರು.

"ನಾಕ್ರಿ. ಗ್ವಾಡಿ ದಾಟಿಸಿ ಹಿತ್ತಲಕಡಿ ನಟ್ಟು. ಮ್ಯಾಲ ಬೋಲ್ಟಿನ ತುದಿ ಬಡದು ಹೂವಿನಂಗ ಅರಳಿಸೀನಿ. ತಾನಾಗೇ ಬಿಚ್ಚಂಗೇ ಇಲ್ರಿ. ಕೆಳಗ ಹಾಸಿಗಿ ಹಾಕಬ್ಯಾಡ್ರಿ ಅಂತನೂ ಹೇಳಿದ್ನಿ."

ಜಿಲಾನಿಸಾಬ್ ಮುಖ ತಿರುಗಿಸಿದರು. "ಅಮ್ಮೀಗೆ ಸೆಕಿ ತಡೀತಿದ್ದಿಲ್ಲ. ಗಾಳಿ ಬರೋ ಕಡೆ ಮಂಚ ಸರಿಸಿದ್ವಿ."

ಅಂಬಪ್ಪ ಬೋಲ್ಟುಗಳನ್ನು ಒಂದೊಂದಾಗಿ ನೋಡಿದ. ಕೆಳಗಿನೆರಡು ಭಾರ ತಾಳದೆ ಕಿತ್ತು ಬಂದಿದ್ದವು. ಮೇಲಿನೆರಡಕ್ಕೆ ನಟ್ಟೇ ಇರಲಿಲ್ಲ; ಅರಳಿಸಿದ ತುದಿ ಸವೆದು ಬೆಳ್ಳಗೆ ಹೊಳೆಯುತ್ತಿತ್ತು, ಅರದಿಂದ ಉಜ್ಜಿದ ಹಾಗೆ. ಹಿತ್ತಲಿಗೆ ಹೋದ. ತಟ್ಟಿಯ ನೀರು ತೊಟ್ಟಿಕ್ಕಿದ ಹಸಿ ನೆಲದ ಮೇಲೆ ಕಬ್ಬಿಣದ ಪುಡಿ ಬಿದ್ದಿತ್ತು. ಅಡಿಯದು ತುಕ್ಕು ಹಿಡಿದು ಕೆಂಪಾಗಿತ್ತು, ಮೇಲಿನದು ಇನ್ನೂ ಕಪ್ಪು.

"ಒಂದಿನದ ಕೆಲಸ ಅಲ್ರಿ ಸಾಹೇಬ್ರ. ನಾಕೈದು ದಿನ ಉಜ್ಜ್ಯಾರ."

ಆ ಜಾಗದಲ್ಲಿ ಕೂರುತ್ತಿದ್ದವನು ಒಬ್ಬನೇ: ವಳಕಮದಿನ್ನಿಯ ಗ್ಯಾನಪ್ಪ. ಇಪ್ಪತ್ತು ವರ್ಷ ಅದೇ ಮನೆಯಲ್ಲಿ ಪಂಖಾ ಎಳೆದವನು, ಈಗ ಹಿಡಿಕೆ ತಿರುವುವವನು.

ಹನ್ನೊಂದಕ್ಕೆ ದವಾಖಾನೆಯಲ್ಲಿ ಪೇಶ್ಕಾರರ ತಾಯಿ ಅಖ್ತರಬೇಗಂ ಅವರ ಹೇಳಿಕೆಯನ್ನು ಅಮೀನರು ಬರೆದುಕೊಂಡರು.

"ಅಮ್ಮಾ, ಈ ನಾಕೈದು ದಿನದಾಗ ಗಾಳಿ ನಡುವ ನಿಂತಿತ್ತೇನ್ರಿ?" ಅಂಬಪ್ಪ ಕೇಳಿದ.

"ಇಲ್ಲಪ್ಪ, ಒಂದ್ ಗಳಿಗೀನೂ ನಿಂತಿಲ್ಲ. ಗ್ಯಾನಪ್ಪ ಬಂಗಾರದಂಥ ಮನಷ್ಯಾ. ಅವಗೇನೂ ಪೆಟ್ಟಾಗಿಲ್ಲಲ್ಲ?"

ಹೊರಗೆ ಬಂದು ಅಮೀನರು ಕಾಗದ ಮಡಚಿದರು. "ಗಾಳಿ ನಿಂತಿಲ್ಲ ಅಂದ್ರ ಅವ ಹಿಡಿಕಿ ಬಿಟ್ಟಿಲ್ಲ. ಮತ್ತ ಅರ ಹೆಂಗ ಹಿಡೀತಾನ ಲೇ, ಬಾಯಾಗೇನು? ಹೋಗು, ಬಡಿಗ್ಯಾನ ಚಲಾನು ಬರಿ."

ಅಂಬಪ್ಪ ಬರೆಯಲಿಲ್ಲ. ಒಂದು ಗಂಟೆಗೆ ಮತ್ತೆ ಆ ಹಿತ್ತಲಿಗೆ ಹೋಗಿ ಗ್ಯಾನಪ್ಪನ ಜಾಗದಲ್ಲಿ ಕೂತ. ಎದುರಿಗೆ ಸುಣ್ಣ ಕಾಣದ ಗೋಡೆ, ಬಲಕ್ಕೆ ಬೂದಿಗುಂಡಿ. ಒಂದು ತಾಸಾದರೂ ಯಾರೂ ಅತ್ತ ಹಾಯಲಿಲ್ಲ. ಗೋಡೆಯೊಳಗಿನ ಮಾತು ಒಂದೂ ಕೇಳಲಿಲ್ಲ. ತಾನು ಕೆಮ್ಮಿದರೆ ಪಕ್ಕದಲ್ಲಿ ಇನ್ಯಾರೋ ಕೆಮ್ಮಿದಂತಾಗಿ ತಿರುಗಿ ನೋಡಿದ.

ಕಳಚಿ ಬಿದ್ದಿದ್ದ ಹಿಡಿಕೆಯನ್ನು ಎತ್ತಿಕೊಂಡ. ಕಪ್ಪೆಣ್ಣೆ ಹತ್ತಿದ ಅದರ ನಡುವೆ ಹಗ್ಗ ಉಜ್ಜಿ ಸವೆದ ಗೆರೆ ಇತ್ತು. ಕೈಯಿಂದ ತಿರುವುವುದಕ್ಕೆ ಹಗ್ಗ ಯಾಕೆ ಬೇಕು?

ಗ್ಯಾನಪ್ಪ ಅದೇ ಮನೆಯ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಗ್ಯಾನಪ್ಪಣ್ಣ, ಪಂಖಾ ಹೆಂಗ ಎಳೀತಿದ್ದಿ? ಒಂದೀಟು ತೋರ್ಸು."

ಮುದುಕ ಗೋಡೆಗೆ ಒರಗಿ ಬಲಗಾಲು ಚಾಚಿದ. ಹಗ್ಗ ಸಿಕ್ಕಿಸಿದಂತೆ ಹೆಬ್ಬೆರಳು ತಾನಾಗಿ ಮಡಚಿ ಆಡತೊಡಗಿತು. "ಇಪ್ಪತ್ತ ವರ್ಷ ಹಿಂಗ. ಎಳಿಯೋದು ಕಾಲಿಂದ, ಕೈ ಖಾಲಿ. ಕುಂತಲ್ಲೇ ಬುಟ್ಟಿ ಹೆಣೀತಿದ್ನಿ."

ಕಾಲ್ಬೆರಳ ಸಂದಿಯಲ್ಲಿ ಹಿಡಿಕೆಯದೇ ಕಪ್ಪೆಣ್ಣೆ ಅಂಟಿತ್ತು.

"ಪಂಖಾಕ್ಕ ಎಣ್ಣಿ ಹಾಕ್ತಾರೇನು? ಹಿಡಿಕಿಗೂ ಹಗ್ಗ ಕಟ್ಟಿ ಕಾಲಿಂದನ ತಿರುವೀದಿ."

ಕಾಲು ನಿಂತಿತು.

"ಅರ ಎಲ್ಲೈತಿ?"

"ಬೂದಿಗುಂಡ್ಯಾಗ."

"ಉಜ್ಜೋ ಹೊತ್ತಿಗೆ ಗಾಳಿ ನಿಲ್ಲಿಸಲಿಲ್ಲ ಯಾಕ?"

"ಒಳಗ ಅಮ್ಮಗ ಸೆಕಿ ಆಗತಿತ್ತಲ್ಲೋ ತಮ್ಮಾ."

"ಅಷ್ಟು ಕರುಳಿದ್ದವ ಅವರ ಮ್ಯಾಲೇ ಕೆಡವಿದಿ?"

"ಅವರ ಮಂಚ ಮೂಡಣ ಮೂಲ್ಯಾಗ ಇರ್ತಿತ್ತು. ಇಪ್ಪತ್ತ ವರ್ಷ ಅಲ್ಲೇ ನೋಡೀನಿ. ಬರೇ ನೆಲದ ಮ್ಯಾಲ ಬೀಳಲಿ ಅಂದ್ಕೊಂಡಿದ್ನಿ." ಗ್ಯಾನಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಸರಿಸ್ಯಾರ ಅಂತ ನನಗ್ಯಾರು ಹೇಳಬೇಕು?"

ಸಂಜೆ ನಾಲ್ಕೂ ಹತ್ತಕ್ಕೆ ಪಂಚರೆದುರು ಬೂದಿಯಿಂದ ಅರ ಸಿಕ್ಕಿತು, ಗ್ಯಾನಪ್ಪನ ದಸ್ತಗಿರಿಯಾಯಿತು. ಗದ್ದೆಪ್ಪನ ಬೇಡಿ ಬಿಚ್ಚಿದರು. ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತ, "ನನ್ನ ಬೋಲ್ಟು ಬಿಚ್ಚಾಕ ಐದು ದಿನ ಹಿಡೀತು, ಅದನ್ನೂ ಬರಕೋರಿ!" ಎಂದು ಗದರಿ ಮಸ್ಕಿಯ ದಾರಿ ಹಿಡಿದ.

ಠಾಣೆಯಲ್ಲಿ ಗ್ಯಾನಪ್ಪ ಹೇಳಿಕೆ ಕೊಟ್ಟ. "ಪಂಖಾ ಇದ್ದಾಗ ನಾ ಒಳಗ ಕುಂದರ್ತಿದ್ನಿ. ಮಂದಿ ಮಾತಾಡ್ತಿದ್ರು. ನನ್ನ ಕೂಡ ಅಲ್ಲ. ಆದ್ರ ಕೇಳಸ್ತಿತ್ತು. ಪೆಟ್ಟಿಗಿ ಬಂದ ಮ್ಯಾಲ, ಗಾಳಿ ಜೋರು ಬೇಕಂದ್ರ ಒಳಗಿಂದ ಗ್ವಾಡಿಗೆ ಕೋಲಿಲೆ ಬಡೀತಾರ, ಅಷ್ಟ. ಅದು ಬಿದ್ರ ಮತ್ತ ಪಂಖಾ ಕಟ್ಟತಾರ ಅಂದ್ಕೊಂಡ್ನಿ."

ಅಮೀನರು ಕಾರಣದ ಖಾನೆಯಲ್ಲಿ 'ಯಜಮಾನರ ಮೇಲಿನ ದ್ವೇಷ' ಎಂದು ಬರೆದರು.

"ದ್ವೇಷ ಅಲ್ರಿ ಸಾಹೇಬ್ರ," ಎಂದ ಅಂಬಪ್ಪ.

"ಮತ್ತೇನಂತ ಬರೀಲಿ? ನೀನೇ ಹೇಳು."

ಅಂಬಪ್ಪ ಲಾಕಪ್ಪಿನ ಕೀಲಿಗೊಂಚಲು ಎತ್ತಿಕೊಂಡ.

ಲಾಕಪ್ಪಿನಲ್ಲಿ ಆಡಿನ ತಂಟೆಗೆ ಹೊಡೆದಾಡಿ ಬಂದ ಬಳಗಾನೂರಿನ ಇಬ್ಬರು ಇನ್ನೂ ಕಚ್ಚಾಡುತ್ತಿದ್ದರು. ಅಂಬಪ್ಪ ಪಕ್ಕದ ಖಾಲಿ ಖೋಲಿಯ ಬಾಗಿಲು ತೆಗೆದ. "ಇವರ ಗದ್ದಲದಾಗ ಬ್ಯಾಡ ಯಜ್ಜಾ. ಇಲ್ಲಿ ತಣ್ಣಗ ಮಲಕ್ಕೊ."

"ಬ್ಯಾಡಪ್ಪ," ಎಂದ ಗ್ಯಾನಪ್ಪ. "ಇಲ್ಲೇ ಇರ್ತೀನಿ."

ಯಾರ ಆಡು ಯಾರ ಹೊಲ ಹೊಕ್ಕಿತೆಂದು ಅವರಿಬ್ಬರು ಕೂಗಾಡುತ್ತಿದ್ದರು. ಗ್ಯಾನಪ್ಪ ಗೋಡೆಗೆ ಬೆನ್ನು ಕೊಟ್ಟು, ಒಂದು ಮಾತೂ ತಪ್ಪಿ ಹೋಗಬಾರದೆಂಬಂತೆ ಕೇಳುತ್ತ ಕೂತ.